ಹಳೆಯ ಸ್ಟೈಲ್ ಕೋಡ್‌ಗೆ ಎಚ್ಚರಿಕೆ ಕಟ್ಟುವುದು ಹೇಗೆ?

2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ವಿಶ್ವವಿದ್ಯಾಲಯ ಮಾತ್ರ ಇಂದಿಗೂ ಗುಲ್ಬರ್ಗಾ ವಿಶ್ವವಿದ್ಯಾಲಯವೇ; ಲೋಕಸಭಾ ಕ್ಷೇತ್ರದ ಹೆಸರೂ ಬದಲಾಗಿಲ್ಲ. ನಗರದ ಖೂಬಾ ಪ್ಲಾಟ್ ಬಡಾವಣೆಯ ವಿಳಾಸದಲ್ಲಿ ಹಳೆಯ ಹೆಸರು ಬರೆದರೂ ಊರು ಯಾವುದೆಂದು ಯಾರಿಗೂ ಗೊಂದಲವಾಗದು. ಹಳೆಯದು ನಡೆಯುತ್ತದೆ, ಆದರೆ ಹೊಸದಾಗಿ ಬರೆಯುವವರು ಹೊಸದನ್ನೇ ಬರೆಯಬೇಕು. ಕೋಡ್‌ನಲ್ಲಿ ಈ ಸ್ಥಿತಿಗೆ ತಲುಪಿದ್ದನ್ನು ಡೆಪ್ರಿಕೇಟೆಡ್ ಎನ್ನುತ್ತಾರೆ. ಜತೆಗೆ ಅಲ್ಲಿ ಇನ್ನೊಂದು ಷರತ್ತೂ ಇರುತ್ತದೆ: ಒಂದು ದಿನ ಹಳೆಯದನ್ನು ತೆಗೆದೇ ಹಾಕುತ್ತಾರೆ.

ವೆಬ್ ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್ ಅನ್ನು ದೊಡ್ಡ ಕೆಲಸಗಳಲ್ಲಿ ಅನೇಕರು ಸಾಸ್ ಎಂಬ ಭಾಷೆಯಲ್ಲಿ ಬರೆಯುತ್ತಾರೆ; ಕಂಪೈಲರ್ ಅದನ್ನು ಸಿಎಸ್‌ಎಸ್ ಆಗಿ ಮಾರ್ಪಡಿಸುತ್ತದೆ. ಹಳೆಯದನ್ನು ಮರ್ಯಾದೆಯಿಂದ ಬೀಳ್ಕೊಡುವ ಕ್ರಮವನ್ನು ಸಾಸ್‌ನಿಂದಲೇ ಕಲಿಯಬಹುದು. 2024ರ ಅಕ್ಟೋಬರ್‌ನಲ್ಲಿ ಬಂದ 1.80 ಆವೃತ್ತಿಯಲ್ಲಿ ಒಂದು ಫೈಲಿನೊಳಗೆ ಇನ್ನೊಂದನ್ನು ತರುವ @ಇಂಪೋರ್ಟ್ ಅನ್ನು ಡೆಪ್ರಿಕೇಟೆಡ್ ಎಂದು ಸಾರಿದರು. ಅಂದೇ ಕಿತ್ತುಹಾಕಲಿಲ್ಲ. 'ಬದಲಿಗೆ @ಯೂಸ್ ಬಳಸಿ, @ಇಂಪೋರ್ಟ್ 3.0 ಆವೃತ್ತಿಯಲ್ಲಿ ಇರುವುದಿಲ್ಲ' ಎಂದು ಎಚ್ಚರಿಸಿದರು. ಹಳೆಯ ಫೈಲುಗಳನ್ನು ತಾನೇ ತಿದ್ದಿಕೊಡುವ ಮೈಗ್ರೇಟರ್ ಎಂಬ ಸಾಧನವನ್ನೂ ಕೊಟ್ಟಿದ್ದಾರೆ.

ನಮ್ಮದೇ ಕೋಡ್‌ಗೆ ಇದನ್ನು ಮಾಡುವುದು ಹೇಗೆ? ಖೂಬಾ ಪ್ಲಾಟ್‌ನ ಒಂದು ಕ್ಲಿನಿಕ್‌ಗೆ ಯಾರೋ ಹಿಂದೆ ಕನ್ನಡ ವೆಬ್‌ಸೈಟ್ ಮಾಡಿಕೊಟ್ಟಿದ್ದಾರೆ ಎಂದು ಇಟ್ಟುಕೊಳ್ಳೋಣ. ಅದರಲ್ಲಿ 'ಕನ್ನಡ-ಅಕ್ಷರ' ಎಂಬ ಮಿಕ್ಸಿನ್, ಅಂದರೆ ಒಮ್ಮೆ ಬರೆದು ಬೇಕಾದಲ್ಲೆಲ್ಲ ಕರೆಯಬಹುದಾದ ಸ್ಟೈಲುಗಳ ಕಟ್ಟು, ಇದೆ. ಫಾಂಟ್ ತುಂಗಾ, ಸಾಲಿನ ಎತ್ತರ 18 ಪಿಕ್ಸೆಲ್. ವಿಂಡೋಸ್ ಎಕ್ಸ್‌ಪಿ ಕಾಲಕ್ಕೆ ತುಂಗಾ ಸಹಜ ಆಯ್ಕೆ, ಅದು ಸಿಸ್ಟಮ್ ಜೊತೆಗೇ ಬರುತ್ತಿತ್ತು. ವಿಂಡೋಸ್ 8ರಲ್ಲಿ ನಿರ್ಮಲಾ ಯುಐ ಬಂತು. ವಿಂಡೋಸ್ 10ರಲ್ಲಿ ತುಂಗಾ ಬೇಕಾದವರು ಹಾಕಿಕೊಳ್ಳುವ ಹೆಚ್ಚುವರಿ ಫಾಂಟುಗಳ ಸಾಲಿಗೆ ಸೇರಿತು. ಆಂಡ್ರಾಯ್ಡ್ ಫೋನುಗಳಲ್ಲಂತೂ ಅದು ಇರುವುದಿಲ್ಲ. ಫಾಂಟ್ ಸಿಗದಿದ್ದರೆ ಬ್ರೌಸರ್ ಸದ್ದಿಲ್ಲದೆ ಬೇರೊಂದನ್ನು ಎತ್ತಿಕೊಳ್ಳುತ್ತದೆ. ಆಗ 'ಸ್ತ್ರೀರೋಗ ತಜ್ಞರು' ಎಂಬ ಶೀರ್ಷಿಕೆಯನ್ನು ನೋಡಿ. 'ಸ್ತ್ರೀ'ಯಲ್ಲಿ ಎರಡು ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. 18 ಪಿಕ್ಸೆಲ್ ಸಾಲದೆ ಅವು ಮುಂದಿನ ಸಾಲಿಗೆ ತಗುಲುತ್ತವೆ. ಓವರ್‌ಫ್ಲೋ ಹಿಡನ್ ಇದ್ದರೆ ಕತ್ತರಿಸಿಯೇ ಹೋಗುತ್ತವೆ. ಕನ್ನಡದ ಒತ್ತು ಕತ್ತರಿಸಿದರೆ ಓದುವುದೇ ಬೇರೆ ಪದವಾಗುತ್ತದೆ. ಹೀಗಾಗಿ ಇಂಥ ಕೋಡ್ ಎಲ್ಲೆಲ್ಲಿ ಉಳಿದಿದೆ ಎಂದು ಪತ್ತೆಹಚ್ಚಲೇಬೇಕು.

ಮೊದಲು 'ಕನ್ನಡ-ಪಠ್ಯ' ಎಂಬ ಹೊಸ ಮಿಕ್ಸಿನ್ ಬರೆಯಿರಿ: ಫಾಂಟ್ ನೋಟೊ ಸ್ಯಾನ್ಸ್ ಕನ್ನಡ, ಸಾಲಿನ ಎತ್ತರ ಪಿಕ್ಸೆಲ್‌ನಲ್ಲಿ ಬೇಡ, ಅಕ್ಷರದ ಗಾತ್ರದೊಂದಿಗೆ ತಾನೂ ಬೆಳೆಯುವ 1.8ರಂಥ ಬರಿಯ ಸಂಖ್ಯೆ. ಹಳೆಯ ಮಿಕ್ಸಿನ್ ಅಳಿಸಬೇಡಿ. ಅದರೊಳಗೆ ಮೊದಲ ಸಾಲಿಗೆ @ವಾರ್ನ್ ಹಾಕಿ ಸಂದೇಶ ಬರೆಯಿರಿ. ಹೊಸದು ಎಲ್ಲ ಕಡೆ ಸರಿಹೊಂದುತ್ತದೆ ಎಂದು ಪರೀಕ್ಷಿಸಿ ನೋಡಿದ್ದರೆ, ಎರಡನೆಯ ಸಾಲಿನಲ್ಲಿ @ಇನ್‌ಕ್ಲೂಡ್ ಮೂಲಕ ಅದನ್ನೇ ಕರೆಯಿರಿ. ಕಂಪೈಲ್ ಮಾಡಿದಾಗ ಟರ್ಮಿನಲ್‌ನಲ್ಲಿ ಸಂದೇಶದ ಕೆಳಗೆ ಯಾವ ಫೈಲಿನ ಎಷ್ಟನೇ ಸಾಲಿನಿಂದ ಕರೆ ಬಂತು ಎಂಬುದೂ ಕಾಣುತ್ತದೆ. ಸಿಎಸ್‌ಎಸ್‌ನಲ್ಲಿ ಈ ಎಚ್ಚರಿಕೆಯ ಸುಳಿವೂ ಇರುವುದಿಲ್ಲ. ಪುಟ ನೋಡುವ ರೋಗಿಗೆ ಏನೂ ತಿಳಿಯದು.

ಸಂದೇಶ ಬರೆಯುವುದರಲ್ಲೇ ಹೆಚ್ಚಿನವರು ಸೋಮಾರಿತನ ತೋರುತ್ತಾರೆ. 'ಇದು ಹಳೆಯದು' ಎಂದಷ್ಟೇ ಬರೆದರೆ ಓದಿದವನು ಏನು ಮಾಡಬೇಕು? 'ಕನ್ನಡ-ಅಕ್ಷರ 2.0 ಆವೃತ್ತಿಯಿಂದ ಡೆಪ್ರಿಕೇಟೆಡ್, 3.0ರಲ್ಲಿ ಇರುವುದಿಲ್ಲ, ಬದಲಿಗೆ ಕನ್ನಡ-ಪಠ್ಯ ಬಳಸಿ' ಎಂದು ಬರೆದರೆ ಅವನ ಕೆಲಸ ಅಲ್ಲೇ ಶುರುವಾಗುತ್ತದೆ. ಬದಲಿ ದಾರಿ ಇಲ್ಲದೆ ಯಾವುದನ್ನೂ ಡೆಪ್ರಿಕೇಟೆಡ್ ಎನ್ನಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.



ಎಲ್ಲದಕ್ಕೂ ಹೀಗೆ ಎಚ್ಚರಿಕೆ ಕಟ್ಟಲಾಗದು. ಸಾಸ್‌ನ ವೇರಿಯೇಬಲ್ ಅನ್ನು ಯಾರಾದರೂ ಬಳಸಿದರೆ ಅದು ತಾನಾಗಿ ಏನೂ ಹೇಳದು. ಅದರ ಮೇಲೆ ಸಾಸ್‌ಡಾಕ್ ಶೈಲಿಯಲ್ಲಿ @ಡೆಪ್ರಿಕೇಟೆಡ್ ಎಂದು ಕಮೆಂಟ್ ಬರೆಯಬಹುದು, ಅಥವಾ ವೇರಿಯೇಬಲ್ ಬದಲು ಫಂಕ್ಷನ್ ಮಾಡಿ ಅದರೊಳಗೆ @ವಾರ್ನ್ ಇಡಬಹುದು. ಪ್ಲೇಸ್‌ಹೋಲ್ಡರ್‌ನೊಳಗೆ ಹಾಕಿದ @ವಾರ್ನ್ ಯಾರೂ ಅದನ್ನು ಬಳಸದಿದ್ದರೂ ಕೂಗುತ್ತದೆ, ಹಾಗಾಗಿ ಪ್ರಯೋಜನವಿಲ್ಲ. ಎಚ್‌ಟಿಎಂಎಲ್‌ನಲ್ಲಿ ಬರೆದ ಕ್ಲಾಸ್ ಹೆಸರುಗಳಂತೂ ಸಾಸ್‌ನ ಕಣ್ಣಿಗೇ ಬೀಳುವುದಿಲ್ಲ. ಫೈಲುಗಳಲ್ಲಿ ಹುಡುಕಿಯೇ ತಿದ್ದಬೇಕು.

ಕಂಪೈಲ್ ಆಜ್ಞೆಯಲ್ಲಿ ಕ್ವಯಟ್ ಎಂಬ ಆಯ್ಕೆ ಸೇರಿಕೊಂಡಿದೆಯೇ ಎಂದೂ ನೋಡಿ. ಇದ್ದರೆ ನೀವು ಕಷ್ಟಪಟ್ಟು ಬರೆದ ಎಚ್ಚರಿಕೆ ಯಾರಿಗೂ ಕಾಣದು. ಹೊರಗಿನ ಲೈಬ್ರರಿಗಳ ಡೆಪ್ರಿಕೇಶನ್ ಗದ್ದಲವಷ್ಟೇ ಬೇಡವೆಂದರೆ ಕ್ವಯಟ್-ಡೆಪ್ಸ್ ಸಾಕು. ಅದು @ವಾರ್ನ್ ಸಂದೇಶಗಳನ್ನು ಮುಟ್ಟುವುದಿಲ್ಲ. ಹೇಳಿದ ಆವೃತ್ತಿ ಬಂದಾಗ @ವಾರ್ನ್ ಜಾಗದಲ್ಲಿ @ಎರರ್ ಇಡಿ. ಹಳೆಯ ಕರೆ ಎಲ್ಲಾದರೂ ಉಳಿದಿದ್ದರೆ ಕಂಪೈಲ್ ಅಲ್ಲೇ ನಿಲ್ಲುತ್ತದೆ, ಅದೇ ಬದಲಿ ಹೆಸರು ತೋರಿಸುತ್ತದೆ. ಅದರ ಮುಂದಿನ ಆವೃತ್ತಿಯಲ್ಲಿ ಮಿಕ್ಸಿನ್ ಪೂರ್ತಿ ಅಳಿಸಬಹುದು.