ಶಿಶುಪಾಲನಾ ಕೇಂದ್ರ: ಬದಲಾದ ಎಣಿಕೆ

ಹಿಂದಿನ ಕಾರ್ಖಾನೆಗಳ ಕಾಯಿದೆಯಂತೆ 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದಲ್ಲಿ ಮಾತ್ರ ಶಿಶುಪಾಲನಾ ಕೇಂದ್ರ ಕಡ್ಡಾಯವಾಗಿತ್ತು. ಮಹಿಳೆಯರ ನೇಮಕವನ್ನು 30ಕ್ಕೇ ನಿಲ್ಲಿಸುವ ಪ್ರಲೋಭನೆಗೆ ಕಾನೂನೇ ಆಸ್ಪದವಿತ್ತಿತ್ತೆಂದು ಉದ್ದಿಮೆದಾರರಾದ ನಾವು ಒಪ್ಪಲೇಬೇಕು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು ಸ್ತ್ರೀಪುರುಷ ಭೇದವಿಲ್ಲದೆ 50 ನೌಕರರ ಎಣಿಕೆಯನ್ನು ತಂದಿತು. ತಾಯಿಗೆ ದಿನಕ್ಕೆ 4 ಬಾರಿ ಕೇಂದ್ರಕ್ಕೆ ಹೋಗಿಬರುವ ಹಕ್ಕನ್ನೂ ನೀಡಿತು.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಇದನ್ನು ಉಳಿಸಿಕೊಂಡು, ಹಲವು ಸಂಸ್ಥೆಗಳು ಸಂಪನ್ಮೂಲ ಒಗ್ಗೂಡಿಸಿ ಒಂದೇ ಕೇಂದ್ರ ತೆರೆಯಲು ಸಮ್ಮತಿಸಿದೆ. ಪೀಣ್ಯದಂತಹ ಕೈಗಾರಿಕಾ ವಸಾಹತುಗಳಲ್ಲಿ ಅಕ್ಕಪಕ್ಕದಲ್ಲೇ ಇರುವ ಐವತ್ತು ಅರುವತ್ತು ಜನರ ಘಟಕಗಳಿಗೆ ಇದು ಅನುಕೂಲಕರ. ಆದರೆ ಕೇಂದ್ರವು ದೂರವಾದರೆ ಆ 4 ಭೇಟಿಗಳು ಕಾಗದದಲ್ಲೇ ಉಳಿದಾವು. ಬಾಡಿಗೆ ಅಗ್ಗವೆಂದು ವಸಾಹತುವಿನ ಹೊರಗೆ ಜಾಗ ಹುಡುಕುವ ಮುನ್ನ, ಪ್ರತಿ ಘಟಕದಿಂದಲೂ ನಡಿಗೆಗೆ ಎಷ್ಟು ನಿಮಿಷ ಹಿಡಿಯುವುದೆಂದು ಸದಸ್ಯರು ನೋಡಿಕೊಳ್ಳುವುದೊಳಿತು.