ಕತ್ತಿ ಮತ್ತು ಕಡತ: ತೆರೆಯ ಮೇಲಿನ ರಾಯಣ್ಣ

ಮಳವಳ್ಳಿ ಸೀಮೆಯ ಬಂಡೂರಿನ ಹೆಸರನ್ನು ನಾಡಿಗೆಲ್ಲ ತಿಳಿಸಿದ್ದು ಅಲ್ಲಿಯ ಕುರಿ. ಗಿಡ್ಡಗಾಲಿನ, ತುಂಬು ಮೈಯ ಆ ತಳಿಯನ್ನು ಬಲ್ಲವರು ಬಹುಮಂದಿ; ಆ ಕಡೆಯ ಹಾಡುಗಬ್ಬವನ್ನು ಬಲ್ಲವರು ಅಷ್ಟಿಲ್ಲ. ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ಮಹಿಮೆಯನ್ನು ನೀಲಗಾರರು ರಾತ್ರಿಯೆಲ್ಲ ಹಾಡುವ ಸೀಮೆ ಅದು. ಮಲಪ್ರಭೆಯ ಆಚೀಚೆ ಬೆಳೆದ ಸಂಗೊಳ್ಳಿ ರಾಯಣ್ಣನ ಲಾವಣಿ ಇಲ್ಲಿಯ ಹಾಡಲ್ಲ. ಕುರುಬರ ಮನೆಯಲ್ಲಿ ಹುಟ್ಟಿದ ಆ ವೀರನನ್ನು ಕುರಿಗಳ ಈ ಊರಿಗೆ ಹತ್ತಿರ ತಂದುದರಲ್ಲಿ ಚಲಚ್ಚಿತ್ರದ ಪಾಲು ದೊಡ್ಡದು. ಆದುದರಿಂದ ಚಿತ್ರವು ಏನನ್ನು ಹೊತ್ತುತಂದಿತು, ಏನನ್ನು ಹಾದಿಯಲ್ಲಿ ಇಳಿಸಿಬಂದಿತು ಎಂಬುದು ಬಂಡೂರಿನಂಥ ಊರಿಗೆ ಬರಿಯ ರಸಿಕರ ಚರ್ಚೆಯಲ್ಲ.

ಬಿ. ಆರ್. ಪಂತುಲು ಅವರು 1961ರಲ್ಲಿ 'ಕಿತ್ತೂರು ಚೆನ್ನಮ್ಮ'ನನ್ನು ತೆರೆಗೆ ತಂದಾಗ ಕಥೆಯ ಕೇಂದ್ರದಲ್ಲಿದ್ದವಳು ರಾಣಿ. ಬಿ. ಸರೋಜಾದೇವಿಯವರ ಗಾಂಭೀರ್ಯವೇ ಆ ಚಿತ್ರದ ಉಸಿರು. 2012ರಲ್ಲಿ ನಾಗಣ್ಣನವರು ನಿರ್ದೇಶಿಸಿದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ದಲ್ಲಿ ದರ್ಶನ್ ರಾಯಣ್ಣನಾದರು, ಜಯಪ್ರದಾ ಚೆನ್ನಮ್ಮನಾದರು. ಅರಮನೆಯ ಕಥೆ ಹೊಲದವನ ಕಥೆಯಾಯಿತು. ಇದು ಸಣ್ಣ ಪಲ್ಲಟವಲ್ಲ.

ಆದರೆ ಹೊಲದವನನ್ನು ನಡುವೆ ನಿಲ್ಲಿಸಿದ ಮೇಲೆ ಹೊಲವನ್ನೂ ತೋರಿಸಬೇಕಷ್ಟೆ? ರಾಯಣ್ಣನು ಶೇತಸನದಿ, ಎಂದರೆ ಗ್ರಾಮರಕ್ಷಣೆಯ ಸೇವೆಗೆ ಪ್ರತಿಫಲವಾಗಿ ಭೂಮಿ ಪಡೆದವನು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಮಡಿದನು. ಡಿಸೆಂಬರ್ ಮೊದಲ ವಾರದಲ್ಲಿ, ದೊಡ್ಡ ಸೈನ್ಯದ ಎದುರು ಕೋಟೆ ಬಿದ್ದಿತು. ರಾಣಿ ಬೈಲಹೊಂಗಲದಲ್ಲಿ ಸೆರೆಯಾಗಿ 1829ರಲ್ಲಿ ತೀರಿಕೊಂಡಳು. ಗೆದ್ದ ಸೈನ್ಯದ ಬೆನ್ನಿಗೆ ಬಂದದ್ದು ದಫ್ತರ. ರಾಯಣ್ಣನ ಭೂಮಿಯಲ್ಲಿ ಒಂದು ಪಾಲು ಜಪ್ತಿಯಾಯಿತು. ಉಳಿದುದಕ್ಕೆ ಕಂದಾಯ ಏರಿತು. ಪ್ರಜೆಯನ್ನು ಕೇಳದೆ ಆಳುವ ಸೈನಿಕ ಪ್ರಭುತ್ವಕ್ಕೆ ಬಂದೂಕು ಒಂದು ಕೈಯಾದರೆ, ಲೆಕ್ಕದ ಪುಸ್ತಕ ಇನ್ನೊಂದು ಕೈ.

ಇದನ್ನು ಅವನು ಅರಿತಿದ್ದನೆಂಬುದಕ್ಕೆ ಅವನ ದಂಗೆಯೇ ಸಾಕ್ಷಿ. ದತ್ತುಪುತ್ರ ಶಿವಲಿಂಗಪ್ಪನನ್ನು ಗದ್ದುಗೆಗೆ ಏರಿಸುವುದು ಗುರಿ. ಆದರೆ 1830ರ ಆರಂಭದಲ್ಲಿ ಬೆಂಕಿ ಬಿದ್ದದ್ದು ಬೀಡಿಯ ಕಚೇರಿಗೆ. ಖಜಾನೆಯ ಹಣವನ್ನು ದೋಚಿದರು, ಕಂದಾಯದ ಕಾಗದಗಳನ್ನು ಸುಟ್ಟರು. ಯಾರ ಹೊಲ, ಎಷ್ಟು ತೆರಿಗೆ ಎಂಬ ಬರಹವೇ ಬೂದಿಯಾದಾಗ ರೈತನಿಗೆ ಒಂದು ಸುಗ್ಗಿಯ ಮಟ್ಟಿಗಾದರೂ ಬಿಡುಗಡೆ. ಚಿತ್ರದಲ್ಲಿ ಕತ್ತಿವರಸೆಯ ಅಬ್ಬರ ಕಣ್ಣು ತುಂಬುತ್ತದೆ. ಈ ಕಾಗದದ ಯುದ್ಧ ಮನಸ್ಸಿನಲ್ಲಿ ಉಳಿಯುವುದಿಲ್ಲ. ಪಹಣಿಯ ಒಂದು ಸಾಲು ತಪ್ಪಿದರೆ ತಾಲ್ಲೂಕು ಕಚೇರಿಗೆ ಹತ್ತು ಬಾರಿ ನಡೆಯಬೇಕಾದ ರೈತನಿಗೆ ಯಾವ ಯುದ್ಧ ಹೆಚ್ಚು ಅರ್ಥವಾದೀತು?

ಇಲ್ಲಿ ಬೇರೊಂದು ದೇಶದ ಚಿತ್ರ ನೆನಪಾಗುತ್ತದೆ. ಎಲಿಯಾ ಕಜಾನ್ 1952ರಲ್ಲಿ ನಿರ್ದೇಶಿಸಿದ 'ವಿವಾ ಜಪಾಟ!'ಕ್ಕೆ ಚಿತ್ರಕಥೆ ಬರೆದವನು ಕಾದಂಬರಿಕಾರ ಸ್ಟೈನ್‌ಬೆಕ್. ನಾಯಕನಾದವನು ಮಾರ್ಲನ್ ಬ್ರಾಂಡೊ. ಮೆಕ್ಸಿಕೊದಲ್ಲಿ ಡಿಯಾಜ್‌ನ ದೀರ್ಘ ಸರ್ವಾಧಿಕಾರವನ್ನು, ಬಳಿಕ 1913ರಲ್ಲಿ ಸೇನಾಬಲದಿಂದ ಅಧಿಕಾರ ಕಿತ್ತುಕೊಂಡ ಜನರಲ್ ಹುಯೆರ್ಟಾನನ್ನು ಎದುರಿಸಿದ ರೈತನಾಯಕ ಎಮಿಲಿಯಾನೊ ಜಪಾಟನ ಕಥೆ ಅದು. ಆರಂಭದಲ್ಲಿಯೇ ರೈತರು ಅಧ್ಯಕ್ಷನ ಎದುರು ನಿಂತು ತಮ್ಮ ಹೊಲದ ಗಡಿಯ ಮಾತೆತ್ತುತ್ತಾರೆ. ಎದುರಾಡಿದ ಜಪಾಟನ ಹೆಸರಿನ ಸುತ್ತ ಅಧ್ಯಕ್ಷನ ಲೇಖನಿ ಒಂದು ವೃತ್ತ ಎಳೆಯುತ್ತದೆ. ಒಂದು ಗೆರೆಯಲ್ಲಿ ಪ್ರಭುತ್ವದ ಸ್ವರೂಪವೆಲ್ಲ ಬಂದುಹೋಯಿತು! ನಿಜಜೀವನದಲ್ಲಿಯೂ 1909ರಲ್ಲಿ ಜಪಾಟನ ಊರವರು ಅವನನ್ನು ಮುಖಂಡನನ್ನಾಗಿ ಆರಿಸಿ, ಹಳೆಯ ಭೂಪತ್ರಗಳನ್ನು ಅವನ ಕೈಗೆ ಒಪ್ಪಿಸಿದರು. ಅವನು ಕಾಗದವನ್ನು ಕಾಪಾಡಿದನು, ನಮ್ಮವನು ಸುಟ್ಟನು. ಜಪಾಟನ ಪತ್ರಗಳು ಊರು ಇಟ್ಟುಕೊಂಡವು, ರಾಯಣ್ಣನ ಎದುರಿದ್ದವು ಗೆದ್ದವನು ಬರೆದವು.

ಇಬ್ಬರ ಅಂತ್ಯದಲ್ಲಿಯೂ ಮೋಸವಿದೆ. ಜಪಾಟನನ್ನು 1919ರ ಏಪ್ರಿಲ್ 10ರಂದು ಚಿನಾಮೆಕಕ್ಕೆ ಕರೆಸಿ ಕೊಂದರು. ರಾಯಣ್ಣನು ಹಳ್ಳದಲ್ಲಿ ಸ್ನಾನಕ್ಕಿಳಿದಿದ್ದಾಗ ನಂಬಿದವರೇ ಹಿಡಿದುಕೊಟ್ಟರೆಂದು ಜನಪದದ ಮಾತು. 1830ರ ಏಪ್ರಿಲ್‌ನಲ್ಲಿ ಸೆರೆಸಿಕ್ಕಿದವನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿ ಬೆಳೆದ ಆಲದ ಮರಕ್ಕೆ, ಅಂಥ ಮಗನನ್ನು ಬೇಡುವ ಹೆಂಗಸರು ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ.