ರೇಷ್ಮೆ ಹುಳುವಿನ ಮೊಟ್ಟೆಯೂ ವಂಶವಾಹಿಯ ಪಾಠಾಂತರವೂ

ಮದ್ದೂರು ಸೀಮೆಯಲ್ಲಿ ಭತ್ತ, ಕಬ್ಬು, ತೆಂಗುಗಳೊಡನೆ ಹಿಪ್ಪುನೇರಳೆಯೂ ಬಹುಕಾಲದಿಂದ ರೈತನ ಕೈಹಿಡಿದ ಬೆಳೆ. ಚಾಕಿ ಸಾಕಿ, ನಾಲ್ಕು ಜ್ವರಗಳನ್ನು ದಾಟಿಸಿ, ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಡುವ ಕಾಯಕ ಇಲ್ಲಿಯ ಹೆಂಗಸರಿಗೆ ಕರತಲಾಮಲಕ. ನೂಲು ಬಿಚ್ಚಲು ಹೋಗುವ ಗೂಡಿನ ಜೀವ ಅಲ್ಲಿಗೇ ಮುಗಿಯುತ್ತದೆ. ಬಿತ್ತನೆ ಕೋಠಿಗೆ ಹೋದ ಗೂಡಿನಿಂದ ಪತಂಗ ಹೊರಬರುತ್ತದೆ. ಅದು ಏನನ್ನೂ ತಿನ್ನದು. ಹೆಣ್ಣು ಗಂಡಿನೊಡನೆ ಕೂಡಿ ಸುಮಾರು 400ರಿಂದ 500 ಮೊಟ್ಟೆಗಳನ್ನಿಟ್ಟು ಕೆಲವೇ ದಿನಗಳಲ್ಲಿ ಅಳಿಯುತ್ತದೆ. ಆ ಮೊಟ್ಟೆಯೇ ಮುಂದಿನ ಬೆಳೆಯ ಬೀಜ.

ಕೋಠಿಯ ಕೆಲಸಗಾರರು ಗೂಡಿನೊಳಗಣ ಕೋಶವನ್ನು ನೋಡಿಯೇ ಹೆಣ್ಣು ಗಂಡುಗಳನ್ನು ಬೇರ್ಪಡಿಸಬಲ್ಲರು. ಹೆಣ್ಣು ಕೋಶದ ಎಂಟನೆಯ ಖಂಡದ ಮೇಲೆ ಅಡ್ಡಹಾಯ್ದ ಎರಡು ಗೆರೆಗಳಂತಹ ಗುರುತಿರುತ್ತದೆ. ಗಂಡಿನ ಒಂಬತ್ತನೆಯ ಖಂಡದಲ್ಲಿ ಚುಕ್ಕೆ ಮಾತ್ರ. ಒಂದೇ ತಟ್ಟೆಯಲ್ಲಿ ಒಂದೇ ಸೊಪ್ಪನ್ನು ತಿಂದು ಬೆಳೆದ ಎರಡು ಹುಳುಗಳಲ್ಲಿ ಒಂದರ ಒಡಲು ಮೊಟ್ಟೆಗಳಿಂದ ತುಂಬುವುದೇಕೆ, ಮತ್ತೊಂದರದು ತುಂಬದಿರುವುದೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ರೇಷ್ಮೆ ಹುಳುವಿನ ಜೀವಕೋಶದಲ್ಲಿ 28 ಜೊತೆ ವರ್ಣತಂತುಗಳಿವೆ. ಗಂಡಿನಲ್ಲಿ ಲಿಂಗವನ್ನು ನಿರ್ಧರಿಸುವ ಜೊತೆಯ ಎರಡೂ ‘ಝಡ್’ ಎಂಬ ಬಗೆಯವು. ಹೆಣ್ಣಿನಲ್ಲಿ ಒಂದು ‘ಝಡ್’, ಇನ್ನೊಂದು ‘ಡಬ್ಲ್ಯು’. ಈ ‘ಡಬ್ಲ್ಯು’ ಇದ್ದಲ್ಲಿ ಹುಳು ಹೆಣ್ಣಾಗುತ್ತದೆಂಬುದನ್ನು 1933ರಲ್ಲಿಯೇ ಜಪಾನಿನ ಹಾಶಿಮೊಟೊ ತೋರಿಸಿದರು. ಆದರೆ ವರ್ಣತಂತುವಿಗೂ ಮೊಟ್ಟೆಗೂ ನಡುವಣ ದಾರಿ ತಿಳಿಯಲು ಬಹುಕಾಲ ಹಿಡಿಯಿತು. ಆ ದಾರಿಯಲ್ಲಿ ಮುಖ್ಯವಾದ ತಿರುವೇ ‘ಪರ್ಯಾಯ ಜೋಡಣೆ’.

ವಂಶವಾಹಿಯೆಂಬುದು ಸಸಾರಜನಕವನ್ನು ಕಟ್ಟುವ ಕ್ರಮವನ್ನು ತಿಳಿಸುವ ಬರಹ. ಜೀವಕೋಶ ಮೊದಲು ಅದರ ಪ್ರತಿಯೊಂದನ್ನು ಆರ್‌ಎನ್‌ಎ ರೂಪದಲ್ಲಿ ಮಾಡಿಕೊಳ್ಳುತ್ತದೆ. ಆ ಪ್ರತಿಯಲ್ಲಿ ಅರ್ಥವುಳ್ಳ ಖಂಡಗಳ ನಡುವೆ ಬೇಡದ ಭಾಗಗಳೂ ಇರುತ್ತವೆ. ಅವನ್ನು ಕತ್ತರಿಸಿ ತೆಗೆದು, ಉಳಿದ ಖಂಡಗಳನ್ನು ಬೆಸೆದ ಮೇಲೆಯೇ ಬರಹ ಬಳಕೆಗೆ ಬರುತ್ತದೆ. ಈ ಸಂಗತಿ 1977ರಲ್ಲಿ ಬೆಳಕಿಗೆ ಬಂದಿತು. ಇದಕ್ಕಾಗಿ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ 1993ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕೆಲವೊಮ್ಮೆ ಅರ್ಥವುಳ್ಳ ಖಂಡವೊಂದನ್ನೂ ಬಿಟ್ಟು ಬೆಸೆಯುವುದುಂಟು. ಆಗ ಒಂದೇ ವಂಶವಾಹಿಯಿಂದ ಬೇರೆ ಬೇರೆ ಸಸಾರಜನಕಗಳು ಹುಟ್ಟುತ್ತವೆ.

ಸಾಹಿತ್ಯಾಭ್ಯಾಸಿಗಳಿಗೆ ಇದು ಅಪರಿಚಿತವಾದ ಮಾತಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ನಾಲ್ವರು ಸಂಕಲನಕಾರರು ಶೂನ್ಯಸಂಪಾದನೆಯನ್ನು ಕಟ್ಟಿದರಷ್ಟೆ. ವಚನಗಳ ಭಂಡಾರ ಒಂದೇ. ಆಯ್ದದ್ದು, ಬಿಟ್ಟದ್ದು ಬೇರೆಯಾದುದರಿಂದ ಕೃತಿಗಳೂ ಬೇರೆಯಾದುವು. ಸಂಕಲನಕಾರರಿಗೆ ಕ್ರಮವನ್ನು ಬದಲಿಸುವ ಸ್ವಾತಂತ್ರ್ಯವೂ ಇತ್ತು. ಜೀವಕೋಶಕ್ಕಾದರೋ ಸಾಮಾನ್ಯವಾಗಿ ಹಿಂದುಮುಂದು ಮಾಡುವ ಅವಕಾಶವಿಲ್ಲ. ಇರಿಸಿಕೊಳ್ಳುವುದು, ಬಿಡುವುದು ಇಷ್ಟೇ ಅದರ ಕೆಲಸ.

ರೇಷ್ಮೆ ಹುಳುವಿನಲ್ಲಿ ‘ಡಬಲ್‌ಸೆಕ್ಸ್’ ಎಂಬ ವಂಶವಾಹಿ ಗಂಡು ಹೆಣ್ಣುಗಳೆರಡರಲ್ಲಿಯೂ ಇದೆ. ಹೆಣ್ಣಿನಲ್ಲಿ ಅದರ ಮೂರನೆಯ, ನಾಲ್ಕನೆಯ ಖಂಡಗಳು ಉಳಿಯುತ್ತವೆ. ಗಂಡಿನಲ್ಲಿ ಅವು ಬಿಟ್ಟುಹೋಗಿ ಎರಡನೆಯದು ನೇರವಾಗಿ ಐದನೆಯದಕ್ಕೆ ಸೇರುತ್ತದೆ. ಹೀಗೆ ಬಿಡಿಸುವುದು ‘ಝಡ್’ ವರ್ಣತಂತುವಿನ ‘ಮ್ಯಾಸ್ಕುಲಿನೈಸರ್’ ಎಂಬ ವಂಶವಾಹಿಯ ಪ್ರಭಾವ. ಹೆಣ್ಣಿನ ‘ಡಬ್ಲ್ಯು’ ವರ್ಣತಂತುವಿನಿಂದ ಹುಟ್ಟುವ ಒಂದು ಕಿರಿಯ ಆರ್‌ಎನ್‌ಎ ಆ ಮ್ಯಾಸ್ಕುಲಿನೈಸರಿನ ಬರಹವನ್ನೇ ಅಳಿಸಿ ಹಾಕುತ್ತದೆ. ಇದನ್ನು ಜಪಾನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದರು.

ಈ ಪಾಠಾಂತರಕ್ಕೂ ಮೊಟ್ಟೆಗೂ ನೇರವಾದ ನಂಟಿದೆ. ಮೊಟ್ಟೆಯ ಭಂಡಾರಕ್ಕೆ ಬೇಕಾದ ‘ವೈಟೆಲ್ಲೊಜೆನಿನ್’ ಎಂಬ ಸಸಾರಜನಕ ಹೆಣ್ಣು ಹುಳುವಿನ ಕೊಬ್ಬಿನ ಅಂಗದಲ್ಲಿ ತಯಾರಾಗುತ್ತದೆ. ಡಬಲ್‌ಸೆಕ್ಸಿನ ಹೆಣ್ಣು ಪಾಠವನ್ನು ಗಂಡು ಹುಳುವಿಗೆ ಸೇರಿಸಿದಾಗ ಅದರಲ್ಲಿಯೂ ಈ ವಂಶವಾಹಿ ಎಚ್ಚೆತ್ತುದನ್ನು 2003ರ ಪ್ರಯೋಗವೊಂದು ತೋರಿಸಿತು. 2017ರಲ್ಲಿ ಹೆಣ್ಣಿಗೆ ಮೀಸಲಾದ ಖಂಡವನ್ನಷ್ಟೇ ಕೆಡಿಸಿ ನೋಡಲಾಯಿತು: ಹೆಣ್ಣುಗಳು ಬರಡಾದುವು, ಗಂಡುಗಳಿಗೆ ಬಾಧೆಯಾಗಲಿಲ್ಲ. ಫಲವಂತಿಕೆಗೆ ವಂಶವಾಹಿ ಇದ್ದರೆ ಸಾಲದು, ಅದನ್ನು ಸರಿಯಾಗಿ ಬೆಸೆಯಲೂ ಬೇಕು ಎಂಬುದು ಇದರಿಂದ ಸ್ಪಷ್ಟ.

ಹುಳುವಿನ ಈ ವ್ಯವಸ್ಥೆಯನ್ನು ಹಾಗೆಯೇ ಮನುಷ್ಯರಿಗೆ ಅನ್ವಯಿಸಲಾಗದು. ಆದರೆ ಜೋಡಣೆಯ ಕಾರ್ಯ ಇಬ್ಬರಲ್ಲಿಯೂ ಉಂಟು. ಮನುಷ್ಯನ ಸುಮಾರು 20,000 ವಂಶವಾಹಿಗಳಲ್ಲಿ, ಹಲವು ಖಂಡಗಳುಳ್ಳವುಗಳ ಪೈಕಿ ನೂರಕ್ಕೆ 90ಕ್ಕೂ ಹೆಚ್ಚಿನವು ಪರ್ಯಾಯವಾಗಿ ಜೋಡಣೆಗೊಳ್ಳುತ್ತವೆ. ಸಸ್ತನಿಗಳ ಅಂಡವು ಪೂರ್ಣವಾಗಿ ಬೆಳೆದ ಮೇಲೆ ಹೊಸ ಬರಹಗಳನ್ನು ಮಾಡುವುದನ್ನು ನಿಲ್ಲಿಸಿ, ಕೂಡಿಟ್ಟ ಬರಹಗಳಿಂದಲೇ ಪಕ್ವಗೊಂಡು ಭ್ರೂಣದ ಮೊದಲ ಹೆಜ್ಜೆಗಳನ್ನು ನಡೆಸಬೇಕು. ಕೂಡಿಡುವಾಗಲೇ ತಪ್ಪು ನುಸುಳಿದರೆ ತಿದ್ದುವ ಅವಕಾಶ ಕಡಿಮೆ. ಜೋಡಣೆಗೆ ನೆರವಾಗುವ ‘ಎಸ್‌ಆರ್‌ಎಸ್‌ಎಫ್-3’ ಎಂಬ ಸಸಾರಜನಕವನ್ನು ಇಲಿಯ ಅಂಡದಿಂದ ತೆಗೆದಾಗ ಆ ಅಂಡ ಪಕ್ವವಾಗದೆ ನಿಂತುಹೋಯಿತು.

ಇದನ್ನರಿತವರು ‘ಬಂಜೆ’ ಎಂಬ ಮಾತನ್ನು ಹಗುರವಾಗಿ ಆಡಲಾರರು. ಸಂತಾನವಾಗದಿರಲು ಕಾರಣಗಳು ಹಲವು. ಸುಮಾರು ಅರ್ಧದಷ್ಟು ಪ್ರಸಂಗಗಳಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಅಂಡದಲ್ಲಿಯೇ ದೋಷವಿದ್ದರೂ ಅದು ಕಣ್ಣಿಗೆ ಕಾಣದ ಬೆಸುಗೆಯೊಂದು ತಪ್ಪಿದ್ದಾಗಿರಬಹುದು. ಆ ಹೆಣ್ಣಿನ ನಡತೆಗಾಗಲಿ, ಕಾಲ್ಗುಣಕ್ಕಾಗಲಿ ಅದರೊಡನೆ ಸಂಬಂಧವಿಲ್ಲ. ಮೊಟ್ಟೆ ಹೊಮ್ಮದಿದ್ದರೆ ಮದ್ದೂರಿನ ರೈತ ಹುಳುವನ್ನು ಬೈಯುವುದಿಲ್ಲ. ಬಿತ್ತನೆ, ಶಾಖ, ಸೊಪ್ಪುಗಳಲ್ಲಿ ಕಾರಣವನ್ನು ಹುಡುಕುತ್ತಾನೆ. ಹುಳುವಿಗೆ ಸಲ್ಲುವ ಈ ವಿವೇಕ ಮನೆಯ ಹೆಣ್ಣುಮಗಳಿಗೂ ಸಲ್ಲಬೇಕು. ದೂರುವ ಬದಲು ದಂಪತಿಗಳಿಬ್ಬರೂ ಒಟ್ಟಿಗೆ ವೈದ್ಯರಲ್ಲಿ ಪರೀಕ್ಷೆಗೆ ಹೋಗುವುದೇ ಮೊದಲು ಮಾಡಬೇಕಾದ ಕೆಲಸ.